ರೇಖೆಯ ಅಗಲದಲ್ಲಿ ಅಡಗಿದ ಕಾಲ: ಕಾಂತೀಯ ಅನುರಣನೆಯಲ್ಲಿ ಅಣುಗಳ ವಿನಿಮಯ ಮತ್ತು ಶಮನ

ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ವಿಜ್ಞಾನದ ವಿಷಯವೊಂದನ್ನು ಕುರಿತು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿಕೊಂಡಿದ್ದಾರೆ. ಕಾಸರಗೋಡಿನ ಗಡಿನೆಲದ ಈ ಶಾಲೆಯಲ್ಲಿ ಅಣು, ಪರಮಾಣು, ಅಯಸ್ಕಾಂತಗಳ ಮೊದಲ ಪಾಠವನ್ನು ಕನ್ನಡದಲ್ಲಿಯೇ ಕಲಿತು, ಮುಂದೆ ಕಾಲೇಜಿನಲ್ಲಿ ರಸಾಯನಶಾಸ್ತ್ರವನ್ನು ಬೋಧಿಸುವುದನ್ನು ವೃತ್ತಿಯಾಗಿ ಮಾಡಿಕೊಂಡವನು ನಾನು. ಆದುದರಿಂದ ನನ್ನ ವೃತ್ತಿಯ ವಿಷಯವೊಂದನ್ನೇ ನಾನು ಕಲಿತ ಭಾಷೆಯಲ್ಲಿ ಹಳೆಯ ವಿದ್ಯಾರ್ಥಿ ಮಿತ್ರರ ಹಾಗೂ ಊರ ಮಹನೀಯರ ಮುಂದೆ ಇಡುವುದು ಉಚಿತವೆಂದು ತೋರಿತು.

ವಿಷಯ ಎನ್.ಎಂ.ಆರ್., ಅಂದರೆ ನ್ಯೂಕ್ಲಿಯರ್ ಮ್ಯಾಗ್ನೆಟಿಕ್ ರೆಸೊನೆನ್ಸ್. ಕನ್ನಡದಲ್ಲಿ ಇದನ್ನು ಬೈಜಿಕ ಕಾಂತೀಯ ಅನುರಣನೆ ಎನ್ನಬಹುದು. ಈ ಹೆಸರು ಅಪರಿಚಿತವೆನಿಸಿದರೂ ಇದರ ಸಂತಾನವಾದ ಎಂ.ಆರ್.ಐ. ಸ್ಕ್ಯಾನನ್ನು ಕೇಳದ ಮನೆ ಇಂದು ವಿರಳ. ನಮ್ಮ ಕಡೆಯವರು ಮಂಗಳೂರಿನ ಆಸ್ಪತ್ರೆಗಳಿಂದ ಹಿಡಿದು ತರುವ ವರದಿಗಳಲ್ಲಿ ‘ಟಿ1’, ‘ಟಿ2’ ಎಂಬ ಗುರುತುಗಳಿರುತ್ತವೆ. ಅವುಗಳ ಅರ್ಥವೇನು? ಪ್ರಯೋಗಶಾಲೆಯ ರಸಾಯನಜ್ಞ ನೋಡುವ ರೋಹಿತದಲ್ಲಿ ಕೆಲವು ರೇಖೆಗಳು ಸೂಜಿಯಂತೆ ಚೂಪಾಗಿಯೂ ಕೆಲವು ಗುಡ್ಡದಂತೆ ಹರಡಿಕೊಂಡೂ ಇರುವುದೇಕೆ? ಈ ಎರಡು ಪ್ರಶ್ನೆಗಳಿಗೂ ಉತ್ತರ ಒಂದೇ ಕಡೆ ಇದೆ. ರೇಖೆಯ ಸ್ಥಾನವು ಅಣುವಿನ ರಚನೆಯನ್ನು ಹೇಳಿದರೆ, ರೇಖೆಯ ಅಗಲವು ಕಾಲವನ್ನು ಹೇಳುತ್ತದೆ. ಆ ಅಗಲವನ್ನು ಉಪಕರಣದ ದೋಷವೆಂದೋ ಕಲಬೆರಕೆಯೆಂದೋ ಬದಿಗೆ ಸರಿಸುವವರು ಅಣುವಿನ ಅರ್ಧ ಕಥೆಯನ್ನೇ ಓದದೆ ಬಿಡುತ್ತಾರೆ.

ಪದಗಳ ಬಗೆಗೆ ಒಂದು ಮಾತು. ಸ್ಪೆಕ್ಟ್ರಮ್ ಎಂಬುದಕ್ಕೆ ರೋಹಿತ, ಫ್ರೀಕ್ವೆನ್ಸಿಗೆ ಆವೃತ್ತಿ ಎಂಬ ಪದಗಳು ನಮ್ಮ ಪಠ್ಯಪುಸ್ತಕಗಳಲ್ಲಿ ರೂಢಿಯಲ್ಲಿವೆ. ರಿಲಾಕ್ಸೇಶನ್ ಎಂಬುದಕ್ಕೆ ಇಲ್ಲಿ ‘ಶಮನ’ ಎಂಬ ಪದವನ್ನು ಬಳಸಿದ್ದೇನೆ. ಉದ್ರೇಕಗೊಂಡದ್ದು ಮೊದಲಿನ ಶಾಂತ ಸ್ಥಿತಿಗೆ ಮರಳುವುದು ಎಂಬ ಅರ್ಥ ಅದರಲ್ಲಿ ಸಹಜವಾಗಿಯೇ ಇದೆ.

ಬುಗರಿಯಂತಹ ನ್ಯೂಕ್ಲಿಯಸ್

ಹೈಡ್ರೊಜನ್ ಪರಮಾಣುವಿನ ನ್ಯೂಕ್ಲಿಯಸ್ ಒಂದೇ ಒಂದು ಪ್ರೋಟಾನು. ಅದು ತನ್ನಲ್ಲಿಯೇ ಗಿರಕಿಯ ಗುಣವನ್ನು ಹೊಂದಿದ ಪುಟ್ಟ ಅಯಸ್ಕಾಂತ. ಪ್ರಬಲವಾದ ಕಾಂತಕ್ಷೇತ್ರದಲ್ಲಿಟ್ಟರೆ ಅದು, ವಾಲಿ ತಿರುಗುವ ಬುಗರಿಯ ತಲೆ ಸುತ್ತುವಂತೆ, ಕ್ಷೇತ್ರದ ದಿಕ್ಕಿನ ಸುತ್ತ ಸುತ್ತುತ್ತದೆ. ಈ ಸುತ್ತಿನ ವೇಗ ಕ್ಷೇತ್ರದ ಬಲಕ್ಕೆ ಅನುಪಾತದಲ್ಲಿರುತ್ತದೆ. 1 ಟೆಸ್ಲಾ ಕ್ಷೇತ್ರದಲ್ಲಿ ಪ್ರೋಟಾನು ಸೆಕೆಂಡಿಗೆ ಸುಮಾರು 4 ಕೋಟಿ 26 ಲಕ್ಷ ಸುತ್ತು ಹಾಕುತ್ತದೆ. ಇದು ರೇಡಿಯೋ ತರಂಗಗಳ ಆವೃತ್ತಿ. ಸರಿಯಾಗಿ ಅದೇ ಆವೃತ್ತಿಯ ರೇಡಿಯೋ ತರಂಗವನ್ನು ಹಾಯಿಸಿದಾಗ ಪ್ರೋಟಾನುಗಳು ಶಕ್ತಿಯನ್ನು ಹೀರಿಕೊಳ್ಳುತ್ತವೆ. ಇದೇ ಅನುರಣನೆ.

ಘನ, ದ್ರವಗಳಲ್ಲಿ ಈ ಅನುರಣನೆಯನ್ನು ಅಮೆರಿಕದ ಎರಡು ತಂಡಗಳು 1945ರ ಕೊನೆ ಹಾಗೂ 1946ರ ಆರಂಭದಲ್ಲಿ ಸ್ವತಂತ್ರವಾಗಿ ಕಂಡುಹಿಡಿದವು. ಹಾರ್ವರ್ಡಿನಲ್ಲಿ ಎಡ್ವರ್ಡ್ ಪರ್ಸೆಲ್ ಮತ್ತು ಸಂಗಡಿಗರು ಪ್ಯಾರಾಫಿನ್ ಮೇಣದಲ್ಲಿಯೂ, ಸ್ಟ್ಯಾನ್‌ಫರ್ಡಿನಲ್ಲಿ ಫೆಲಿಕ್ಸ್ ಬ್ಲಾಕ್ ಮತ್ತು ಸಂಗಡಿಗರು ನೀರಿನಲ್ಲಿಯೂ ಇದನ್ನು ನೋಡಿದರು. 1952ರ ಭೌತವಿಜ್ಞಾನದ ನೊಬೆಲ್ ಪಾರಿತೋಷಕವನ್ನು ಬ್ಲಾಕ್ ಮತ್ತು ಪರ್ಸೆಲ್ ಹಂಚಿಕೊಂಡರು.

ಒಂದೇ ಅಣುವಿನಲ್ಲಿರುವ ಪ್ರೋಟಾನುಗಳೆಲ್ಲವೂ ಒಂದೇ ಆವೃತ್ತಿಯಲ್ಲಿ ಸುತ್ತುವುದಿಲ್ಲ. ಪ್ರತಿಯೊಂದರ ಸುತ್ತಲಿನ ಎಲೆಕ್ಟ್ರಾನುಗಳು ಹೊರಗಿನ ಕ್ಷೇತ್ರವನ್ನು ಅಲ್ಪ ಪ್ರಮಾಣದಲ್ಲಿ ಮರೆಮಾಡುತ್ತವೆ. ಆ ಮರೆ ಸ್ಥಾನದಿಂದ ಸ್ಥಾನಕ್ಕೆ ಬೇರೆಯಾಗಿರುವುದರಿಂದ ಆವೃತ್ತಿಯೂ ಹತ್ತು ಲಕ್ಷದಲ್ಲಿ ಕೆಲವು ಭಾಗಗಳಷ್ಟು ಬೇರೆಯಾಗುತ್ತದೆ. 1951ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಆರ್ನಾಲ್ಡ್, ಧರ್ಮಟ್ಟಿ, ಪ್ಯಾಕಾರ್ಡ್ ಎಂಬ ಮೂವರು ಎಥೆನಾಲಿನ ರೋಹಿತದಲ್ಲಿ ಮೂರು ಪ್ರತ್ಯೇಕ ರೇಖೆಗಳನ್ನು ತೋರಿಸಿದರು. ಅವುಗಳ ವಿಸ್ತೀರ್ಣ 1:2:3ರ ಅನುಪಾತದಲ್ಲಿತ್ತು. ಎಥೆನಾಲಿನ ಅಣುವಿನಲ್ಲಿ ಆಕ್ಸಿಜನ್ನಿಗೆ ಅಂಟಿದ ಒಂದು, ನಡುವಣ ಕಾರ್ಬನ್ನಿಗೆ ಅಂಟಿದ ಎರಡು, ತುದಿಯ ಕಾರ್ಬನ್ನಿಗೆ ಅಂಟಿದ ಮೂರು ಹೈಡ್ರೊಜನ್‌ಗಳಿವೆಯಷ್ಟೆ. ರಸಾಯನಜ್ಞರು ಈ ವಿದ್ಯೆಯನ್ನು ಕೈಗೆತ್ತಿಕೊಂಡದ್ದು ಆ ಬಳಿಕ.

ಶಮನದ ಎರಡು ದಾರಿಗಳು

ರೇಡಿಯೋ ತರಂಗದ ಒಂದು ಸಣ್ಣ ಹೊಡೆತವನ್ನು ಕೊಟ್ಟು ನಿಲ್ಲಿಸಿದೆವೆನ್ನಿ. ಪ್ರೋಟಾನುಗಳು ಒಟ್ಟಾಗಿ, ಒಂದೇ ತಾಳದಲ್ಲಿ ಸುತ್ತತೊಡಗುತ್ತವೆ. ಸುತ್ತಲಿನ ತಂತಿಸುರುಳಿಯಲ್ಲಿ ಅವು ಹುಟ್ಟಿಸುವ ಕ್ಷೀಣವಾದ ವಿದ್ಯುತ್ತೇ ನಮಗೆ ದೊರೆಯುವ ಸಂಕೇತ. ಹೊಡೆದ ಗಂಟೆಯ ನಾದದಂತೆ ಈ ಸಂಕೇತ ಕ್ರಮೇಣ ಅಡಗುತ್ತದೆ. ಇದೇ ಶಮನ. ಇದರಲ್ಲಿ ಎರಡು ಬಗೆಗಳಿವೆ.

ಮೊದಲನೆಯದು ಶಕ್ತಿಯನ್ನು ಸುತ್ತಲಿನ ಅಣುಗಳಿಗೆ ಬಿಟ್ಟುಕೊಟ್ಟು ಪೂರ್ವಸ್ಥಿತಿಗೆ ಮರಳುವುದು. ಇದಕ್ಕೆ ಹಿಡಿಯುವ ಕಾಲವೇ ಟಿ1. ಎರಡನೆಯದು ಪ್ರೋಟಾನುಗಳು ತಮ್ಮತಮ್ಮೊಳಗಿನ ತಾಳವನ್ನು ಕಳೆದುಕೊಳ್ಳುವುದು. ಇದಕ್ಕೆ ಹಿಡಿಯುವ ಕಾಲ ಟಿ2. ಶಕ್ತಿ ಹೊರಗೆ ಹೋಗದಿದ್ದರೂ ತಾಳ ತಪ್ಪಿದೊಡನೆ ಒಟ್ಟು ಸಂಕೇತ ಇಲ್ಲವಾಗುತ್ತದೆ. ಭಜನೆಯಲ್ಲಿ ನೂರು ಜನ ಒಟ್ಟಿಗೆ ಚಪ್ಪಾಳೆ ತಟ್ಟುವಾಗ ಕೇಳುವ ಸ್ಪಷ್ಟ ಪೆಟ್ಟು, ತಾಳ ಚದುರಿದಾಗ ಬರಿಯ ಗದ್ದಲವಾಗುತ್ತದೆ. ಕೈಗಳು ದಣಿದಿರುವುದಿಲ್ಲ, ತಾಳ ಮಾತ್ರ ಹೋಗಿರುತ್ತದೆ.

ಶುದ್ಧ ನೀರಿನಲ್ಲಿ ಟಿ1 ಸುಮಾರು ಮೂರು ಸೆಕೆಂಡು. ಅಣುಗಳ ಲೋಕದಲ್ಲಿ ಇದು ಯುಗದಷ್ಟು ದೀರ್ಘವಾದ ಕಾಲ. ನೀರಿನ ಅಣು ತನ್ನ ದಿಕ್ಕನ್ನು ಬದಲಿಸಲು ತೆಗೆದುಕೊಳ್ಳುವ ಕಾಲ ಒಂದು ಸೆಕೆಂಡಿನ ಲಕ್ಷ ಕೋಟಿಯಲ್ಲಿ ಕೆಲವೇ ಭಾಗ. ಪಕ್ಕದ ಪ್ರೋಟಾನು ಬೀರುವ ಕಿರುಕ್ಷೇತ್ರವು ಈ ಉರುಳಾಟದಿಂದ ಸತತವಾಗಿ ಅಲುಗುತ್ತಿರುತ್ತದೆ. ಅಲುಗಾಟದ ವೇಗ ಪ್ರೋಟಾನಿನ ಸುತ್ತಿನ ವೇಗಕ್ಕೆ ಹೊಂದಿಕೆಯಾದಾಗ ಮಾತ್ರ ಶಕ್ತಿಯ ವರ್ಗಾವಣೆ ಸುಲಭವಾಗುತ್ತದೆ. ಉಯ್ಯಾಲೆಯನ್ನು ಅದರದೇ ಲಯದಲ್ಲಿ ತಳ್ಳಿದರಷ್ಟೇ ಅದು ಏರುವುದಲ್ಲವೆ? ನೀರಿನ ಅಣುಗಳು ಅತಿ ವೇಗವಾಗಿ ಉರುಳುವುದರಿಂದ ಹೊಂದಿಕೆ ಸಾಲದು, ಶಮನ ನಿಧಾನ. ಗ್ಲಿಸರಿನ್‌ನಂತಹ ಮಂದದ್ರವದಲ್ಲಿ ಉರುಳಾಟ ನಿಧಾನವಾಗಿ ಹೊಂದಿಕೆ ಹೆಚ್ಚುತ್ತದೆ, ಟಿ1 ಬಹಳ ಕಿರಿದಾಗುತ್ತದೆ. ಇನ್ನೂ ನಿಧಾನವಾದರೆ ಮತ್ತೆ ಹೊಂದಿಕೆ ತಪ್ಪಿ ಟಿ1 ಏರತೊಡಗುತ್ತದೆ. ಟಿ2 ಮಾತ್ರ ಅಣು ನಿಧಾನಿಸಿದಷ್ಟೂ ಇಳಿಯುತ್ತಲೇ ಹೋಗುತ್ತದೆ. 1948ರಲ್ಲಿ ಬ್ಲೋಂಬರ್ಗೆನ್, ಪರ್ಸೆಲ್, ಪೌಂಡ್ ಎಂಬ ಮೂವರು ಪ್ರಕಟಿಸಿದ ಪ್ರಬಂಧದಲ್ಲಿ ಈ ಲೆಕ್ಕಾಚಾರ ಮೊದಲಬಾರಿಗೆ ವಿಶದವಾಯಿತು.

ಎರಡು ಶ್ರುತಿಗಳ ಲೆಕ್ಕ

ಶಮನಕಾಲಕ್ಕೂ ರೇಖೆಯ ಅಗಲಕ್ಕೂ ಏನು ಸಂಬಂಧ? ಯಕ್ಷಗಾನದ ಹಾರ್ಮೋನಿಯಮ್ಮನ್ನು ನೆನೆಯೋಣ. ಸೆಕೆಂಡಿಗೆ 240 ಕಂಪನಗಳ ಒಂದು ಶ್ರುತಿ, 241 ಕಂಪನಗಳ ಇನ್ನೊಂದು ಶ್ರುತಿ ಇವೆಯೆನ್ನಿ. ಇವೆರಡೂ ಬೇರೆಯೆಂದು ತಿಳಿಯಬೇಕಾದರೆ ಸುಮಾರು ಒಂದು ಸೆಕೆಂಡಾದರೂ ಕಿವಿಗೊಡಬೇಕು. ಸೆಕೆಂಡಿನ ಹತ್ತನೆಯ ಒಂದು ಭಾಗ ಮಾತ್ರ ಕೇಳಿ ನಿಂತುಹೋದರೆ ಯಾವ ಚತುರನಿಗೂ ಅವನ್ನು ಬೇರ್ಪಡಿಸಲು ಆಗದು. ವ್ಯತ್ಯಾಸ ಹತ್ತು ಕಂಪನಗಳಷ್ಟಿದ್ದರೆ ಹತ್ತನೆಯ ಒಂದು ಸೆಕೆಂಡು ಸಾಕು. ನಾದ ಬೇಗ ಅಡಗಿದಷ್ಟೂ ಅದರ ಶ್ರುತಿ ಅನಿಶ್ಚಿತವಾಗುತ್ತದೆ ಎಂಬುದು ಇದರ ತಿರುಳು.

ಎನ್.ಎಂ.ಆರ್. ರೇಖೆಗೂ ಇದೇ ನಿಯಮ. ಶಮನದಿಂದಾಗುವ ಅಗಲವು, ಒಂದನ್ನು ಪೈ ಮತ್ತು ಟಿ2ಗಳ ಗುಣಲಬ್ಧದಿಂದ ಭಾಗಿಸಿದಷ್ಟು. ಟಿ2 ಒಂದು ಸೆಕೆಂಡಾದರೆ ರೇಖೆಯ ಅಗಲ ಹರ್ಟ್ಸಿನ ಮೂರನೆಯ ಒಂದು ಭಾಗ. ಟಿ2 ನೂರನೆಯ ಒಂದು ಸೆಕೆಂಡಾದರೆ ಅಗಲ ಸುಮಾರು 32 ಹರ್ಟ್ಸ್. ನೀರು ಹೆಪ್ಪುಗಟ್ಟಿ ಮಂಜುಗಡ್ಡೆಯಾದಾಗ ಅಣುಗಳ ಉರುಳಾಟ ಬಹುಮಟ್ಟಿಗೆ ನಿಂತು, ಟಿ2 ಸೆಕೆಂಡಿನ ಲಕ್ಷದ ಒಂದು ಭಾಗದ ಆಸುಪಾಸಿಗೆ ಇಳಿಯುತ್ತದೆ. ಆಗ ರೇಖೆ ಹತ್ತಾರು ಸಾವಿರ ಹರ್ಟ್ಸ್ ಅಗಲಕ್ಕೆ ಹರಡಿ ದ್ರವದ ರೋಹಿತದಲ್ಲಿ ಕಾಣದಂತೆಯೇ ಆಗುತ್ತದೆ. ವಸ್ತು ಅದೇ, ಪ್ರೋಟಾನುಗಳ ಸಂಖ್ಯೆಯೂ ಅದೇ, ಬದಲಾದದ್ದು ಚಲನೆ ಒಂದೇ.

ವಿನಿಮಯ: ಒಂದೋ, ಎರಡೋ?

ಈಗ ಒಬ್ಬ ಭಾಗವತರು ಎರಡು ಶ್ರುತಿಗಳ ನಡುವೆ ಆಗಾಗ ಜಿಗಿಯುತ್ತಿದ್ದಾರೆಂದು ಕಲ್ಪಿಸಿಕೊಳ್ಳೋಣ. ಪ್ರತಿಯೊಂದರಲ್ಲಿಯೂ ಬಹುಕಾಲ ನಿಂತರೆ ನಮಗೆ ಎರಡೂ ಸ್ಪಷ್ಟ. ಗುರುತಿಸಲು ಬೇಕಾದಷ್ಟೇ ಹೊತ್ತು ನಿಂತು ಜಿಗಿದರೆ ಎರಡೂ ಮಸುಕು. ಗುರುತಿಸುವ ಮೊದಲೇ ಮತ್ತೆಮತ್ತೆ ಜಿಗಿದರೆ ಎರಡರ ನಡುವಣ ಒಂದು ಸ್ವರ ಮಾತ್ರ ಉಳಿಯುತ್ತದೆ. ಆ ನಡುವಣ ಸ್ವರವನ್ನು ಅವರು ಹಾಡಿಯೇ ಇಲ್ಲ! ಅಣುಗಳು ಒಂದು ರೂಪದಿಂದ ಇನ್ನೊಂದಕ್ಕೆ ಮಾರ್ಪಡುವಾಗ, ಅಥವಾ ಪ್ರೋಟಾನು ಒಂದು ಅಣುವಿನಿಂದ ಇನ್ನೊಂದಕ್ಕೆ ಹಾರುವಾಗ, ರೋಹಿತದಲ್ಲಿ ನಡೆಯುವುದು ಇದೇ.

ಇದಕ್ಕೆ ಶಾಸ್ತ್ರೀಯವಾದ ಉದಾಹರಣೆ ಡೈಮಿಥೈಲ್ ಫಾರ್ಮಮೈಡ್ ಎಂಬ ದ್ರಾವಕ. ಇದರ ನೈಟ್ರೊಜನ್ನಿಗೆ ಎರಡು ಮಿಥೈಲ್ ಗುಂಪುಗಳು ಅಂಟಿವೆ. ಕಾರ್ಬನ್ ಮತ್ತು ನೈಟ್ರೊಜನ್ ನಡುವಣ ಬಂಧವು ಪೂರ್ತಿ ಏಕಬಂಧವಲ್ಲ, ಅರೆ ದ್ವಿಬಂಧ. ಆದುದರಿಂದ ಅದರ ಸುತ್ತ ತಿರುಗುವುದು ಸುಲಭವಲ್ಲ. ಒಂದು ಮಿಥೈಲ್ ಆಕ್ಸಿಜನ್ ಇರುವ ಕಡೆಗೂ ಇನ್ನೊಂದು ಅದರ ಎದುರು ಕಡೆಗೂ ಉಳಿಯುತ್ತದೆ. ಕೋಣೆಯ ಉಷ್ಣತೆಯಲ್ಲಿ ಅವು ಸ್ಥಳ ಬದಲಾಯಿಸುವುದು ಸರಾಸರಿ ಹಲವು ನಿಮಿಷಗಳಿಗೊಮ್ಮೆ. ಹಾಗಾಗಿ ಎರಡು ಚೂಪಾದ ರೇಖೆಗಳು ಕಾಣುತ್ತವೆ. ಕಾಯಿಸುತ್ತ ಹೋದಂತೆ ರೇಖೆಗಳು ಅಗಲವಾಗುತ್ತವೆ, ಪರಸ್ಪರ ಸಮೀಪಿಸುತ್ತವೆ. 60 ಮೆಗಾಹರ್ಟ್ಸ್ ಉಪಕರಣದಲ್ಲಿ ಸುಮಾರು 120 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅವು ಕೂಡಿ ಒಂದೇ ಬೋಳುಗುಡ್ಡವಾಗುತ್ತವೆ. ಇನ್ನೂ ಕಾಯಿಸಿದರೆ ಆ ಗುಡ್ಡ ಚೂಪಾಗಿ ಒಂಟಿ ರೇಖೆಯಾಗುತ್ತದೆ. ತಣ್ಣಗಾಗಿಸಿದರೆ ಮತ್ತೆ ಎರಡು. 1950ರ ದಶಕದ ನಡುವೆ ಗುಟೊವ್‌ಸ್ಕಿ ಮತ್ತಿತರರು ಇಂತಹ ಅಳತೆಗಳಿಂದ ಬಂಧದ ತಿರುಗುವಿಕೆಗೆ ಇರುವ ತಡೆಯನ್ನು ಕಂಡುಹಿಡಿಯುವ ಮಾರ್ಗವನ್ನು ತೆರೆದರು. ಆ ತಡೆ ಮೋಲಿಗೆ ಸುಮಾರು 21 ಕಿಲೊಕ್ಯಾಲೊರಿಗಳೆಂದು ಇಂದು ತಿಳಿದಿದೆ.

ರೇಖೆಗಳು ಕೂಡಿಕೊಳ್ಳುವ ಆ ಘಳಿಗೆಯಲ್ಲಿ ಒಂದು ಸರಳ ಸೂತ್ರ ಸಿಗುತ್ತದೆ. ಎರಡು ರೂಪಗಳೂ ಸಮಪ್ರಮಾಣದಲ್ಲಿದ್ದರೆ, ಸೆಕೆಂಡಿಗೆ ಆಗುವ ಜಿಗಿತಗಳ ಸಂಖ್ಯೆಯು ರೇಖೆಗಳ ನಡುವಣ ಮೂಲ ಅಂತರದ 2.22 ಪಟ್ಟು. ಅಂತರ 10 ಹರ್ಟ್ಸ್ ಆದರೆ ಸೆಕೆಂಡಿಗೆ ಸುಮಾರು 22 ಜಿಗಿತ. ಗಡಿಯಾರವಿಲ್ಲದೆ, ಕೇವಲ ಅಳತೆಪಟ್ಟಿ ಮತ್ತು ಥರ್ಮಾಮೀಟರುಗಳಿಂದ ಅಣುವಿನ ವೇಗವನ್ನು ಅಳೆದಂತಾಯಿತು! ಈ ಪಾಠವನ್ನು ಹೇಳುವಾಗ ಇದು ನನಗೆ ಪ್ರತಿ ವರ್ಷವೂ ಹೊಸದಾಗಿಯೇ ಬೆರಗು ಹುಟ್ಟಿಸಿದೆ.

ಪ್ರೋಟೀನುಗಳ ಬೆನ್ನೆಲುಬಾದ ಪೆಪ್ಟೈಡ್ ಬಂಧವೂ ಇದೇ ಜಾತಿಯದು ಎಂಬುದನ್ನು ಇಲ್ಲಿ ನೆನೆಯಬೇಕು. ಆ ಬಂಧ ಸಲೀಸಾಗಿ ತಿರುಗುವಂತಿದ್ದರೆ ನಮ್ಮ ದೇಹದ ಪ್ರೋಟೀನುಗಳು ತಮ್ಮ ಆಕಾರವನ್ನು ಹೀಗೆ ಉಳಿಸಿಕೊಳ್ಳಲಾರವು.

ಎಥೆನಾಲಿನದು ಬೇರೆ ಬಗೆಯ ವಿನಿಮಯ. ಒಂದು ಪ್ರೋಟಾನಿನ ಪಕ್ಕದಲ್ಲಿರುವ ಪ್ರೋಟಾನುಗಳು ಮೇಲ್ಮುಖವೋ ಕೆಳಮುಖವೋ ಆಗಿರುವುದನ್ನು ಅವಲಂಬಿಸಿ ಅದರ ರೇಖೆ ಸೀಳುತ್ತದೆ. ಚೆನ್ನಾಗಿ ಶುದ್ಧಗೊಳಿಸಿ ಒಣಗಿಸಿದ ಎಥೆನಾಲಿನಲ್ಲಿ ಆಕ್ಸಿಜನ್ನಿಗೆ ಅಂಟಿದ ಪ್ರೋಟಾನಿನ ರೇಖೆ, ಪಕ್ಕದ ಎರಡು ಪ್ರೋಟಾನುಗಳ ಕಾರಣದಿಂದ, ಮೂರಾಗಿ ಕಾಣುತ್ತದೆ. ಅದಕ್ಕೆ ಆಮ್ಲದ ಲೇಶವನ್ನು ಸೇರಿಸಿದರೆ ಮೂರೂ ಕೂಡಿ ಒಂದಾಗುತ್ತದೆ. ಆಮ್ಲದ ನೆರವಿನಿಂದ ಆ ಪ್ರೋಟಾನು ಅಣುವಿನಿಂದ ಅಣುವಿಗೆ ಹಾರುತ್ತಿರುತ್ತದೆ. ಪ್ರತಿ ಹಾರಿಕೆಯಲ್ಲಿಯೂ ಅದಕ್ಕೆ ಹೊಸ ನೆರೆಹೊರೆ. ಯಾವ ನೆರೆಯ ಪ್ರಭಾವವೂ ನಿಲ್ಲದೆ ಸರಾಸರಿ ಮಾತ್ರ ಉಳಿಯುತ್ತದೆ. ಭಾರಜಲದ ಒಂದು ಹನಿ ಹಾಕಿ ಕುಲುಕಿದಾಗ ಈ ರೇಖೆ ಮಾಯವಾಗುವುದನ್ನು ರಸಾಯನ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಹೈಡ್ರೊಜನ್ ಹೋಗಿ ಡ್ಯುಟೀರಿಯಮ್ ಬಂದು ಕುಳಿತುಕೊಳ್ಳುವುದೇ ಅದಕ್ಕೆ ಕಾರಣ.

ಸರಾಸರಿಯ ಮೋಸ, ಸರಾಸರಿಯ ಉಪಕಾರ

ಸೈಕ್ಲೊಹೆಕ್ಸೇನ್ ಎಂಬ ಆರು ಕಾರ್ಬನ್ನಿನ ಉಂಗುರವು ಕುರ್ಚಿಯ ಆಕಾರದಲ್ಲಿದೆ. ಅದರ ಹನ್ನೆರಡು ಹೈಡ್ರೊಜನ್‌ಗಳಲ್ಲಿ ಆರು ಉಂಗುರಕ್ಕೆ ಲಂಬವಾಗಿಯೂ ಆರು ಪಕ್ಕಕ್ಕೂ ಚಾಚಿಕೊಂಡಿವೆ. ರೋಹಿತದಲ್ಲಿ ಎರಡು ಬಗೆ ಕಾಣಬೇಕು. ಆದರೆ ಕೋಣೆಯ ಉಷ್ಣತೆಯಲ್ಲಿ ಕಾಣುವುದು ಒಂದೇ ಚೂಪು ರೇಖೆ. ಕುರ್ಚಿ ಸೆಕೆಂಡಿಗೆ ಸುಮಾರು ಲಕ್ಷ ಸಲ ಮಗುಚಿಕೊಳ್ಳುತ್ತಿದ್ದು, ಪ್ರತಿ ಮಗುಚುವಿಕೆಯಲ್ಲಿಯೂ ಲಂಬವಾದದ್ದು ಪಕ್ಕಕ್ಕೂ ಪಕ್ಕದ್ದು ಲಂಬಕ್ಕೂ ಬರುತ್ತದೆ. ಸೊನ್ನೆಗಿಂತ 60 ಡಿಗ್ರಿಗೂ ಕೆಳಗೆ ತಂಪುಗೊಳಿಸಿದರಷ್ಟೇ ಎರಡು ಬಗೆಗಳು ಬೇರೆಯಾಗುತ್ತವೆ. ಒಂಟಿ ರೇಖೆಯನ್ನು ನೋಡಿ ‘ಈ ಅಣುವಿನ ಹೈಡ್ರೊಜನ್‌ಗಳೆಲ್ಲವೂ ಒಂದೇ ಸ್ಥಾನದವು, ಉಂಗುರ ಚಪ್ಪಟೆ’ ಎಂದು ತೀರ್ಮಾನಿಸಿದರೆ ಇಲ್ಲದ ಅಣುವನ್ನು ಇದೆಯೆಂದು ಹೇಳಿದಂತಾಗುತ್ತದೆ. 1963ರಲ್ಲಿ ತಯಾರಾದ ಬುಲ್‌ವಲೀನ್ ಎಂಬ ಅಣು ಇದರ ಪರಾಕಾಷ್ಠೆ. ಅದರ ಹತ್ತು ಕಾರ್ಬನ್‌ಗಳು ತಮ್ಮ ಬಂಧಗಳನ್ನು ಪುನಃಪುನಃ ಬದಲಿಸಿಕೊಳ್ಳುತ್ತ 12 ಲಕ್ಷಕ್ಕೂ ಮಿಕ್ಕಿದ ಜೋಡಣೆಗಳಲ್ಲಿ ಸಂಚರಿಸಬಲ್ಲವು. ಕಾಯಿಸಿದಾಗ ಅದು ಕೊಡುವುದು ಒಂದೇ ಒಂದು ರೇಖೆ!

ಅದೇ ಸರಾಸರಿ ಉಪಕಾರಿಯೂ ಹೌದು. ಎರಡು ರೂಪಗಳು ಸಮಪ್ರಮಾಣದಲ್ಲಿ ಇಲ್ಲದಿದ್ದರೆ ಕೂಡಿದ ರೇಖೆ ಸರಿಯಾಗಿ ನಡುವೆ ನಿಲ್ಲದೆ, ಹೆಚ್ಚಿರುವ ರೂಪದ ಕಡೆಗೆ ವಾಲುತ್ತದೆ. ವಾಲಿದ ಪ್ರಮಾಣದಿಂದ ಎರಡರ ಅನುಪಾತವನ್ನು ಹೇಳಬಹುದು. ನಮ್ಮ ಜೀವಕೋಶಗಳಲ್ಲಿ ಫಾಸ್ಫೇಟು ಎರಡು ರೂಪಗಳಲ್ಲಿದ್ದು, ಅವುಗಳ ನಡುವೆ ಪ್ರೋಟಾನು ಅತಿ ವೇಗವಾಗಿ ಹೋಗಿಬರುತ್ತಿರುತ್ತದೆ. ಆದುದರಿಂದ ಫಾಸ್ಫರಸ್ ರೋಹಿತದಲ್ಲಿ ಒಂದೇ ರೇಖೆ. ಕೋಶದ ಆಮ್ಲೀಯತೆ ಬದಲಾದಂತೆ ಆ ರೇಖೆ ಆಚೀಚೆ ಸರಿಯುತ್ತದೆ. 1973ರಲ್ಲಿ ಮೂನ್ ಮತ್ತು ರಿಚರ್ಡ್ಸ್ ಎಂಬವರು ಈ ಸರಿತವನ್ನು ಅಳೆದು ರಕ್ತಕಣಗಳ ಒಳಗಿನ ಆಮ್ಲೀಯತೆಯನ್ನು, ಕಣಗಳನ್ನು ಒಡೆಯದೆಯೇ, ಕಂಡುಹಿಡಿದರು. ದುಡಿದು ದಣಿದ ಸ್ನಾಯುವಿನಲ್ಲಿ ಆಮ್ಲೀಯತೆ ಏರುವುದನ್ನು ಸೂಜಿ ಚುಚ್ಚದೆ ನೋಡುವ ಮಾರ್ಗ ಹೀಗೆ ದೊರೆಯಿತು.

ಅಗಲವಾದ ರೇಖೆಯನ್ನು ಪರೀಕ್ಷಿಸುವ ಕ್ರಮ

ಒಂದು ರೇಖೆ ಅಗಲವಾಗಿದ್ದರೆ ಕಾರಣ ಶಮನವೋ, ವಿನಿಮಯವೋ, ಅಥವಾ ಕಾಂತಕ್ಷೇತ್ರದ ಅಸಮತೆಯೋ? ನಾನು ವಿದ್ಯಾರ್ಥಿಗಳಿಗೆ ಮೂರು ಪರೀಕ್ಷೆಗಳನ್ನು ಹೇಳುವುದುಂಟು.

ಒಂದು, ಉಷ್ಣತೆಯನ್ನು ಬದಲಿಸಿ ನೋಡುವುದು. ಅಣುವಿನ ನಿಧಾನ ಉರುಳಾಟದಿಂದ ಅಗಲವಾಗಿದ್ದರೆ ಕಾಯಿಸಿದಂತೆ ರೇಖೆ ಚೂಪಾಗುತ್ತದೆ. ನಿಧಾನ ವಿನಿಮಯದಲ್ಲಿರುವ ಜೋಡಿ ರೇಖೆಗಳಾದರೆ ಕಾಯಿಸಿದಂತೆ ಮೊದಲು ಇನ್ನಷ್ಟು ಅಗಲವಾಗಿ, ಕೂಡಿ, ಆ ಮೇಲೆ ಚೂಪಾಗುತ್ತವೆ. ಬೇರೆ ಎರಡು ವಸ್ತುಗಳ ಬೆರಕೆಯಾಗಿದ್ದರೆ ಎಷ್ಟು ಕಾಯಿಸಿದರೂ ಅವು ಹೀಗೆ ಕೂಡಿಕೊಳ್ಳುವುದಿಲ್ಲ.

ಎರಡು, ಕಾಂತಕ್ಷೇತ್ರವನ್ನು ಬದಲಿಸಿ ನೋಡುವುದು. ಕ್ಷೇತ್ರ ಹೆಚ್ಚಿದಂತೆ ಎರಡು ಸ್ಥಾನಗಳ ನಡುವಣ ಅಂತರ ಹರ್ಟ್ಸ್ ಲೆಕ್ಕದಲ್ಲಿ ಹೆಚ್ಚುತ್ತದೆ. ಆದುದರಿಂದ 60 ಮೆಗಾಹರ್ಟ್ಸ್‌ನಲ್ಲಿ ಒಂದಾಗಿ ಕಂಡದ್ದು 600ರಲ್ಲಿ ಎರಡಾಗಿ ಕಾಣಬಹುದು. ಅಣು ಬದಲಾಗಿಲ್ಲ, ನಾವು ಕೇಳುವ ಪ್ರಶ್ನೆ ಸೂಕ್ಷ್ಮವಾಗಿದೆ.

ಮೂರು, ಪ್ರತಿಧ್ವನಿಯ ಪರೀಕ್ಷೆ. 1950ರಲ್ಲಿ ಅರ್ವಿನ್ ಹಾನ್ ಕಂಡುಹಿಡಿದ ಇದನ್ನು ಶಾಲೆಯ ಕ್ರೀಡೋತ್ಸವದ ಓಟದಿಂದ ವಿವರಿಸಬಹುದು. ಮಕ್ಕಳು ಒಂದೇ ಗೆರೆಯಿಂದ ಓಟ ಆರಂಭಿಸಿ, ಅವರವರ ವೇಗಕ್ಕೆ ತಕ್ಕಂತೆ ಚದುರುತ್ತಾರೆ. ಒಂದು ನಿಮಿಷಕ್ಕೆ ಸರಿಯಾಗಿ ಶಿಕ್ಷಕರು ಸೀಟಿ ಊದಿ ಹಿಂದಿರುಗಿ ಓಡಿರೆನ್ನುತ್ತಾರೆ. ಮುಂದೆ ಹೋದವರು ಹೆಚ್ಚು ದೂರ ಬರಬೇಕು, ಆದರೆ ಅವರ ವೇಗವೂ ಹೆಚ್ಚು. ಹಾಗಾಗಿ ಇನ್ನೊಂದು ನಿಮಿಷಕ್ಕೆ ಎಲ್ಲರೂ ಒಟ್ಟಿಗೆ ಗೆರೆಯನ್ನು ತಲುಪುತ್ತಾರೆ. ಕ್ಷೇತ್ರದ ಅಸಮತೆಯಿಂದ ಚದುರಿದ ಪ್ರೋಟಾನುಗಳನ್ನು ಎರಡನೆಯ ರೇಡಿಯೋ ಹೊಡೆತದಿಂದ ಹೀಗೆಯೇ ಮತ್ತೆ ಕೂಡಿಸಬಹುದು. ಆದರೆ ಓಟದ ನಡುವೆ ವೇಗವನ್ನು ಬದಲಿಸಿದ ಮಗು ಸಮಯಕ್ಕೆ ಸರಿಯಾಗಿ ಬಂದು ಸೇರದು. ವಿನಿಮಯಗೊಂಡ ಪ್ರೋಟಾನು ಆ ಮಗುವಿನಂತೆ. ಸೀಟಿಯನ್ನು ಅಡಿಗಡಿಗೆ ಊದಿದರೆ ವೇಗ ಬದಲಿಸಲು ಅವಕಾಶ ಕಡಿಮೆಯಾಗಿ ನಷ್ಟವೂ ಕಡಿಮೆಯಾಗುತ್ತದೆ. ಸೀಟಿಯ ಅಂತರವನ್ನು ಬದಲಿಸುತ್ತ ನಷ್ಟವನ್ನು ಅಳೆದರೆ ವಿನಿಮಯದ ವೇಗ ತಿಳಿಯುತ್ತದೆ. ನೂರರಲ್ಲಿ ಒಂದರಷ್ಟು ಪ್ರಮಾಣದಲ್ಲಿ, ಸಾವಿರದ ಒಂದು ಸೆಕೆಂಡು ಮಾತ್ರ ಬಾಳುವ ಪ್ರೋಟೀನಿನ ರೂಪಗಳನ್ನೂ, ಅವುಗಳದೇ ಆದ ರೇಖೆ ಕಾಣದಿದ್ದರೂ, ಇಂದು ಈ ಉಪಾಯದಿಂದ ಅರಿಯುತ್ತಾರೆ.

ಸ್ಕ್ಯಾನಿನ ಕೊಳವೆಯೊಳಗೆ

ಇಷ್ಟು ತಿಳಿದ ಬಳಿಕ ಎಂ.ಆರ್.ಐ. ವರದಿಯ ಟಿ1, ಟಿ2ಗಳು ಒಗಟಾಗಿ ಉಳಿಯುವುದಿಲ್ಲ. ನಮ್ಮ ದೇಹದ ಬಹುಭಾಗ ನೀರು. ಆದರೆ ಅಂಗಾಂಶದೊಳಗಿನ ನೀರು ಲೋಟದ ನೀರಿನಂತಲ್ಲ. ಅದರ ಒಂದಂಶ ಪ್ರೋಟೀನುಗಳ ಮೇಲ್ಮೈಗೆ ಕ್ಷಣಕಾಲ ಅಂಟಿಕೊಂಡು, ನಿಧಾನವಾಗಿ ಉರುಳಿ, ಮತ್ತೆ ಬಿಡುಗಡೆಯಾಗುತ್ತದೆ. ಅಂಟಿದ ನೀರು ಬೇಗ ಶಮನಗೊಳ್ಳುತ್ತದೆ. ವಿನಿಮಯ ವೇಗವಾಗಿ ನಡೆಯುವುದರಿಂದ ಆ ಗುಣ ಉಳಿದ ನೀರಿಗೂ ಹಂಚಿಕೆಯಾಗುತ್ತದೆ. ಹೀಗಾಗಿ ಅಂಗಾಂಶಗಳಲ್ಲಿ ಟಿ2 ಸಾಮಾನ್ಯವಾಗಿ ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗದಿಂದ ಹತ್ತನೆಯ ಒಂದು ಭಾಗದ ಆಸುಪಾಸಿನಲ್ಲಿದ್ದರೆ, ಮೆದುಳನ್ನು ಆವರಿಸಿದ ತಿಳಿದ್ರವದಲ್ಲಿ ಅದು ಬಹುಪಾಲು ದೀರ್ಘವಾಗಿರುತ್ತದೆ. ಬಾವು ಬಂದು ನೀರು ತುಂಬಿದ ಜಾಗದಲ್ಲಿ ಬಿಡಿ ನೀರಿನ ಪಾಲು ಏರಿ ಟಿ2 ಹೆಚ್ಚುತ್ತದೆ. ಟಿ2 ಚಿತ್ರದಲ್ಲಿ ಅಂತಹ ಜಾಗ ಬೆಳ್ಳಗೆ ಕಾಣುತ್ತದೆ. ಟಿ1 ಚಿತ್ರದಲ್ಲಿ ಬೇಗ ಶಮನಗೊಳ್ಳುವ ಕೊಬ್ಬು ಬೆಳ್ಳಗೂ ತಿಳಿದ್ರವ ಕಪ್ಪಗೂ ಇರುತ್ತದೆ. ಗಡ್ಡೆಗಳ ಶಮನಕಾಲವು ಆರೋಗ್ಯವಂತ ಅಂಗಾಂಶದ್ದಕ್ಕಿಂತ ಬೇರೆಯಿರುವುದನ್ನು 1971ರಲ್ಲಿ ರೇಮಂಡ್ ಡಮಾಡಿಯನ್ ಇಲಿಗಳ ಅಂಗಾಂಶಗಳಲ್ಲಿ ತೋರಿಸಿದರು. 1973ರಲ್ಲಿ ಪಾಲ್ ಲಾಟರ್‌ಬರ್ ಚಿತ್ರ ಬಿಡಿಸುವ ಮಾರ್ಗವನ್ನು ಪ್ರಕಟಿಸಿದರು. ಲಾಟರ್‌ಬರ್ ಮತ್ತು ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೆ 2003ರಲ್ಲಿ ವೈದ್ಯವಿಜ್ಞಾನದ ನೊಬೆಲ್ ದೊರೆಯಿತು.

ಕೆಲವು ಸ್ಕ್ಯಾನುಗಳ ಮುನ್ನ ನರಕ್ಕೆ ಚುಚ್ಚುವ ಔಷಧದಲ್ಲಿ ಗಡೋಲಿನಿಯಮ್ ಎಂಬ ಲೋಹವಿರುತ್ತದೆ. ಅದರ ಏಳು ಜೋಡಿಯಿಲ್ಲದ ಎಲೆಕ್ಟ್ರಾನುಗಳು ಪ್ರಬಲ ಕಿರು ಅಯಸ್ಕಾಂತದಂತೆ ವರ್ತಿಸಿ, ತನಗೆ ಅಂಟಿದ ನೀರಿನ ಅಣುವನ್ನು ಶೀಘ್ರವಾಗಿ ಶಮನಗೊಳಿಸುತ್ತವೆ. ಆ ಒಂದು ಅಣು ಅಲ್ಲಿಯೇ ಕುಳಿತಿದ್ದರೆ ಪ್ರಯೋಜನವಿಲ್ಲ. ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಹಳೆಯದು ಹೋಗಿ ಹೊಸದು ಬರುವುದರಿಂದಲೇ ಅಲ್ಪ ಔಷಧ ಅಪಾರ ನೀರಿನ ಮೇಲೆ ಪರಿಣಾಮ ಬೀರುತ್ತದೆ. ವಿನಿಮಯವೂ ಶಮನವೂ ಕೈಜೋಡಿಸಿದ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಗೊತ್ತಿಲ್ಲ. ಬಿಡಿ ಗಡೋಲಿನಿಯಮ್ ವಿಷಕಾರಿಯಾದುದರಿಂದ ಅದನ್ನು ಇನ್ನೊಂದು ಅಣುವಿನ ಹಿಡಿತದಲ್ಲಿಟ್ಟು ಕೊಡುತ್ತಾರೆ, ಮೂತ್ರಪಿಂಡಗಳು ಅದನ್ನು ಹೊರಹಾಕುತ್ತವೆ. ಮೂತ್ರಪಿಂಡ ತೀವ್ರವಾಗಿ ಕೆಟ್ಟವರಲ್ಲಿ ಕೆಲವು ಬಗೆಯ ಗಡೋಲಿನಿಯಮ್ ಔಷಧಗಳಿಂದ ಚರ್ಮ ಗಟ್ಟಿಯಾಗುವ ಗಂಭೀರ ರೋಗ ಬರುವುದುಂಟೆಂದು 2006ರ ಸುಮಾರಿಗೆ ತಿಳಿದುಬಂತು. ಅಂತಹ ತೊಂದರೆಯಿದ್ದವರು ವೈದ್ಯರಿಗೆ ಮುಂಚಿತವಾಗಿ ಹೇಳಲೇಬೇಕು. ‘ನ್ಯೂಕ್ಲಿಯರ್’ ಎಂಬ ಪದ ಮೂಲ ಹೆಸರಿನಲ್ಲಿದ್ದರೂ ಈ ಸ್ಕ್ಯಾನಿನಲ್ಲಿ ಎಕ್ಸ್‌ರೇಯಾಗಲಿ ವಿಕಿರಣಶೀಲ ವಸ್ತುವಾಗಲಿ ಇಲ್ಲ. ದೇಹದೊಳಗಿನ ಪೇಸ್‌ಮೇಕರ್, ಲೋಹದ ತುಣುಕುಗಳ ವಿಷಯವನ್ನು ಮಾತ್ರ ಮರೆಯದೆ ತಿಳಿಸಬೇಕು, ಏಕೆಂದರೆ ಅಲ್ಲಿನ 1.5 ಟೆಸ್ಲಾ ಅಯಸ್ಕಾಂತವು ಭೂಮಿಯ ಕಾಂತಕ್ಷೇತ್ರದ ಮೂವತ್ತು ಸಾವಿರ ಪಟ್ಟಿಗೂ ಅಧಿಕ.

ನಮ್ಮವರ ಪಾಲು

ಈ ವಿದ್ಯೆಯಲ್ಲಿ ಭಾರತೀಯರ, ಅದರಲ್ಲಿಯೂ ಬೆಂಗಳೂರಿನ, ಪಾಲನ್ನು ನಮ್ಮ ಮಕ್ಕಳು ತಿಳಿದಿರಬೇಕು. ಎಥೆನಾಲಿನ ಮೂರು ರೇಖೆಗಳನ್ನು ತೋರಿಸಿದವರಲ್ಲಿ ಒಬ್ಬರಾದ ಎಸ್. ಎಸ್. ಧರ್ಮಟ್ಟಿಯವರು ಮುಂದೆ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ಎನ್.ಎಂ.ಆರ್. ಸಂಶೋಧನೆಗೆ ಅಡಿಪಾಯ ಹಾಕಿದರು. ಅದೇ 1951ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್ ಅವರು ಹರಿಯುವ ದ್ರವದಲ್ಲಿ ಅನುರಣನೆಯನ್ನು ಅಭ್ಯಸಿಸಿ ಪ್ರಬಂಧ ಪ್ರಕಟಿಸಿದರು. ನಿಂತ ನೀರಿಗೆ ಪ್ರಬಲ ರೇಡಿಯೋ ತರಂಗವನ್ನು ಸತತವಾಗಿ ಹಾಯಿಸಿದರೆ ಪ್ರೋಟಾನುಗಳು ಶಮನಗೊಳ್ಳಲು ಪುರಸೊತ್ತಿಲ್ಲದೆ ಸಂಕೇತ ಕುಗ್ಗುತ್ತದೆ. ನೀರು ಹರಿಯುತ್ತಿದ್ದರೆ ದಣಿದವು ಹೊರಗೆ ಹೋಗಿ ಹೊಸವು ಒಳಬರುವುದರಿಂದ ಸಂಕೇತ ಬಲವಾಗಿರುತ್ತದೆ. ರಕ್ತದ ಹರಿವನ್ನು ಅನುರಣನೆಯಿಂದ ಅಳೆಯುವ ವಿಧಾನಗಳ ಹಿಂದೆ ಇರುವುದು ಇದೇ ಬಗೆಯ ತತ್ತ್ವ.

ಅದೇ ಸಂಸ್ಥೆಯಲ್ಲಿ ದಶಕಗಳ ಕಾಲ ದುಡಿದ ಅನಿಲ್ ಕುಮಾರ್ ಅವರು 1975ರಲ್ಲಿ ಸ್ವಿಜರ್ಲೆಂಡಿನ ರಿಚರ್ಡ್ ಅರ್ನ್ಸ್ಟ್ ಅವರೊಡನೆ, ಇಂದಿನ ಎಂ.ಆರ್.ಐ. ಚಿತ್ರಣಕ್ಕೆ ಆಧಾರವಾದ ಫೂರಿಯರ್ ವಿಧಾನವನ್ನು ಮಂಡಿಸಿದವರಲ್ಲಿ ಒಬ್ಬರು. 1980ರಲ್ಲಿ ಅರ್ನ್ಸ್ಟ್ ಮತ್ತು ಕುರ್ಟ್ ವೂಟ್ರಿಚ್ ಅವರೊಡಗೂಡಿ, ಸಮೀಪದ ಪ್ರೋಟಾನುಗಳು ಪರಸ್ಪರ ಶಮನದಲ್ಲಿ ಪಾಲುಗೊಳ್ಳುವುದನ್ನು ಬಳಸಿ ಪ್ರೋಟೀನಿನೊಳಗಿನ ಅಂತರಗಳನ್ನು ಅಂದಾಜು ಮಾಡುವ ದ್ವಿಮಾನ ರೋಹಿತದ ಮಾರ್ಗವನ್ನು ತೋರಿಸಿದರು. ಈ ಪರಿಣಾಮ ದೂರದ ಆರನೆಯ ಘಾತಕ್ಕೆ ವಿಲೋಮವಾಗಿ ಕುಗ್ಗುವುದರಿಂದ, ಸುಮಾರು ಅರ್ಧ ನ್ಯಾನೋಮೀಟರಿಗಿಂತ ಹತ್ತಿರದ ಜೋಡಿಗಳು ಮಾತ್ರ ಕಾಣುತ್ತವೆ. ಅರ್ನ್ಸ್ಟ್ 1991ರಲ್ಲಿಯೂ ವೂಟ್ರಿಚ್ 2002ರಲ್ಲಿಯೂ ರಸಾಯನಶಾಸ್ತ್ರದ ನೊಬೆಲ್ ಪಡೆದರು.

ಉಪಸಂಹಾರ

ಹೇಳಿದುದನ್ನು ನಾಲ್ಕು ಮಾತುಗಳಲ್ಲಿ ಸಂಗ್ರಹಿಸುತ್ತೇನೆ. ರೇಖೆಯ ಅಗಲ ಶಮನಕಾಲಕ್ಕೆ ವಿಲೋಮವಾದುದು. ಎರಡು ರೂಪಗಳು ಎರಡಾಗಿ ಕಾಣುವುದೋ ಒಂದಾಗಿ ಕಾಣುವುದೋ ಎಂಬುದು ವಿನಿಮಯದ ವೇಗ ಮತ್ತು ಆವೃತ್ತಿಗಳ ಅಂತರ ಇವುಗಳ ನಡುವಣ ಸ್ಪರ್ಧೆ. ಕೂಡಿದ ರೇಖೆ ಸರಾಸರಿಯನ್ನು ತೋರಿಸುತ್ತದೆಯೇ ಹೊರತು ಅಲ್ಲಿ ನಿಜವಾಗಿ ಇರುವ ಯಾವ ಒಂದು ರೂಪವನ್ನೂ ಅಲ್ಲ. ಉಷ್ಣತೆಯನ್ನೋ ಕ್ಷೇತ್ರವನ್ನೋ ಬದಲಿಸಿ ನೋಡುವ ತಾಳ್ಮೆಯಿದ್ದರೆ ಸರಾಸರಿಯ ಹಿಂದಿರುವ ನಿಜವೂ ಕೈಗೆ ಸಿಗುತ್ತದೆ.

ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ ಆಡುತ್ತ ದಿನಕ್ಕೆ ಹತ್ತಾರು ಸಲ ಭಾಷೆ ಬದಲಿಸುವ ನಮ್ಮ ಕಡೆಯ ಮಕ್ಕಳಿಗೆ, ಒಂದೇ ವಸ್ತು ಹಲವು ರೂಪಗಳಲ್ಲಿ ಬಾಳಬಲ್ಲದೆಂಬುದನ್ನು ಹೊಸದಾಗಿ ಹೇಳಬೇಕಾಗಿಲ್ಲ. ಅವರು ಈ ವಿದ್ಯೆಯನ್ನು ಮುಂದೆ ಯಾವ ಭಾಷೆಯಲ್ಲಿ ಓದಿದರೂ ಮೊದಲು ತಮ್ಮ ಭಾಷೆಯಲ್ಲಿ ಮನಗಂಡಿರಲಿ ಎಂಬ ಆಶೆಯಿಂದ ಇಷ್ಟನ್ನು ಬರೆದಿದ್ದೇನೆ. ಉನ್ನತ ವಿದ್ಯಾಭ್ಯಾಸಕ್ಕೆ ಹೋಗುವ ವಿದ್ಯಾರ್ಥಿಗಳು ಮೊದಲ ರೋಹಿತವನ್ನು ಕೈಗೆತ್ತಿಕೊಂಡಾಗ ಚೂಪು ರೇಖೆಗಳನ್ನು ಎಣಿಸಿ ಮುಗಿಸದೆ, ಅಗಲವಾದ ರೇಖೆಯ ಬಳಿ ಒಂದಿಷ್ಟು ಹೊತ್ತು ನಿಲ್ಲಲಿ.